ನಲವತ್ತು ವರ್ಷ ಕಲಿತದ್ದಕ್ಕೆ ಈಗ ಹೆಸರಿಡಬೇಕಂತೆ, ಏನು ಮಾಡಲಿ?

ಕೋಡಿಬಾಗ ಮಾಸ್ತರ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಚಾ ಇಟ್ಟುಕೊಂಡು ಓದಿ.

ನಾನು ಕಾರವಾರದವ. ಹೊಟ್ಟೆಪಾಡಿಗೆ ಬೋಟ್ ಇಂಜಿನ್ ರಿಪೇರಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆ 61 ದಿನ ನನಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿಲ್ಲ. ಉಳಿದ ದಿನ ಸಂಜೆ ಐದೂವರೆಗೆ ಬಾಗಿಲು ಹಾಕಿ, ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಸಮುದ್ರದ ಬದಿಯ ಗಾಳಿಮರದ ಕೆಳಗೆ ಹುಡುಗರಿಗೆ ಕರಾಟೆ ಕಲಿಸುತ್ತೇನೆ.

ಶುರು ಮಾಡಿದ್ದು 1984ರಲ್ಲಿ. ಆಗ ನನಗೆ ಹನ್ನೆರಡು. ಶಾಲೆಯ ಜಗುಲಿಯಲ್ಲಿ ವಾರಕ್ಕೆರಡು ದಿನ ಕ್ಲಾಸು. ಸರ್ ಗೋವಾದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಾಳಿ ಸೇತುವೆ ಆಗ ಹೊಚ್ಚ ಹೊಸದು (2024ರಲ್ಲಿ ಕುಸಿದು ಬಿತ್ತಲ್ಲ, ಅದೇ). ಕಲಿಸಿದ್ದು ಶೋಟೋಕಾನ್ ಅನ್ನೋ ಕರಾಟೆ ಪಂಥ. ಬಲಗೈ ಮುಂದೆ ಗುದ್ದುವಾಗ ಎಡಗೈ ಮುಷ್ಟಿ ಸೊಂಟಕ್ಕೆ ಬರಬೇಕು. ಅದಕ್ಕೆ ಹಿಕಿತೆ ಅಂತಾರೆ. ಯಾಕೆ ಸರ್ ಅಂತ ಕೇಳಿದರೆ 'ಪವರ್ ಬರ್ತದೆ' ಅನ್ನುತ್ತಿದ್ದರು. ಬಂತೋ ಇಲ್ಲವೋ ಗೊತ್ತಿಲ್ಲ, ಹದಿನೈದು ವರ್ಷ ಹಾಗೇ ಎಳೆದುಕೊಂಡೆ.

1999ರಲ್ಲಿ ಒಂದು ಟೂರ್ನಮೆಂಟು. ರಬ್ಬರ್ ಮ್ಯಾಟು ಹೊಸದು. ಮವಾಶಿ ಗೇರಿ (ಸುತ್ತಿ ಹೊಡೆಯುವ ಒದೆ) ಹೊಡೆಯಲು ಎಡಗಾಲ ಮೇಲೆ ತಿರುಗಿದೆ. ಮೈ ತಿರುಗಿತು, ಅಂಗಾಲು ಮಾತ್ರ ಮ್ಯಾಟಿಗೆ ಕಚ್ಚಿಕೊಂಡೇ ಇತ್ತು. ಮಧ್ಯದಲ್ಲಿ ಮೊಣಕಾಲು ಏನು ಮಾಡಬೇಕು ಪಾಪ. ಟಕ್ ಅಂತ ಸದ್ದು ಬಂತು, ಅಷ್ಟೇ.

ಎಂಟು ತಿಂಗಳು ಒದೆ ಇಲ್ಲ, ಕುಣಿತ ಇಲ್ಲ. ಸಂಜೆ ಸುಮ್ನೆ ಕಡಲ ಬದಿ ಕೂರುತ್ತಿದ್ದೆ. ಒಂದು ದಿನ ರಂಪಣಿ (ದಡದಲ್ಲಿ ನಿಂತು ಜನ ಸೇರಿ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರು. ಪರ್ಸೀನ್ ಬೋಟು ಬಂದ ಮೇಲೆ ರಂಪಣಿ ಕಡಿಮೆ ಆಗಿದೆ, ಕಂಡಾಗ ಯಾರೂ ಕಾಲು ಕೀಳುವುದಿಲ್ಲ. ಜನ ಕಡಿಮೆ ಇದ್ದರು ಅಂತ ನಾನೂ ಹಗ್ಗಕ್ಕೆ ಕೈ ಹಾಕಿದೆ. ಹತ್ತು ಹೆಜ್ಜೆಗೆ ತೋಳು ಸತ್ತು ಹೋಯಿತು. ನನ್ನ ಹಿಂದೆ ಎಪ್ಪತ್ತು ದಾಟಿದ ಅಜ್ಜ. ತೋಳು ನೋಡಿದರೆ ಒಣಗಿದ ಬಂಗಡೆ. ಅವನಿಗೆ ಬೆವರೂ ಇಲ್ಲ. ಕೊಂಕಣಿಯಲ್ಲಿ ಅಂದ: 'ಕೈಯಲ್ಲಿ ಎಳೀಬೇಡವೋ. ಕೈ ಕೊಕ್ಕೆ ಮಾತ್ರ. ಕುಂಡೆಯಲ್ಲಿ ಎಳಿ.'

ನೋಡಿದೆ. ಹಗ್ಗ ಸೊಂಟದ ಹತ್ತಿರ. ಮೊಣಕೈ ಪಕ್ಕೆಗೆ ಅಂಟಿದೆ. ಹಿಮ್ಮಡಿ ಮರಳಲ್ಲಿ ಹೂತಿದೆ. ಬೆನ್ನು ಹಿಂದಕ್ಕೆ ವಾಲಿಸಿ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾನೆ. ಮುಷ್ಟಿ ಎಲ್ಲಿದೆ? ಸೊಂಟದಲ್ಲಿ. ಹಿಕಿತೆ! ಹದಿನೈದು ವರ್ಷ ಬರೀ ಗಾಳಿ ಎಳೆದಿದ್ದೆ ಮಾರಾಯ್ರೆ. ಆ ಮುಷ್ಟಿಯೊಳಗೆ ಏನಾದರೂ ಇರಬೇಕು, ಎದುರಿನವನ ಮಣಿಕಟ್ಟೋ, ಅಂಗಿಯ ತೋಳೋ. ಅದನ್ನು ಎಳೆದರೆ ಅವನು ಗುದ್ದಿನ ಕಡೆಗೆ ತಾನೇ ಬರುತ್ತಾನೆ.

ಅಲ್ಲಿಂದ ನನ್ನ ಕರಾಟೆ ಸ್ವಲ್ಪ ಸ್ವಲ್ಪವೇ ಬೇರೆ ಆಯಿತು. ಸೊಂಟದ ಮೇಲಿನ ಒದೆ ಬಿಟ್ಟೆ. ಮೊದಲು ಮುಟ್ಟುವುದು, ಹಿಡಿಯುವುದು, ಹಿಂದೆ ಸರಿಯುತ್ತ ಎಳೆಯುವುದು, ಆಮೇಲೆ ಹೊಡೆತ. ಅಭ್ಯಾಸವೆಲ್ಲ ಒದ್ದೆ ಮರಳಲ್ಲಿ, ಯಾಕೆಂದರೆ ಅಂಗಾಲು ತಪ್ಪಿದರೆ ಮರಳಿನಲ್ಲಿ ಗುರುತು ಉಳಿಯುತ್ತದೆ, ಹುಡುಗರು ಸುಳ್ಳು ಹೇಳುವ ಹಾಗಿಲ್ಲ. ಕಟಾ (ಒಬ್ಬರೇ ಮಾಡುವ ಕ್ರಮಬದ್ಧ ಅಭ್ಯಾಸ) ಐದು ಉಳಿಸಿಕೊಂಡೆ. ಜೋಡಿ ಅಭ್ಯಾಸ ಎಂಟು ಕಟ್ಟಿದೆ. ಇಷ್ಟಾಗಲು ಇಪ್ಪತ್ತೈದು ವರ್ಷ ಹಿಡಿಯಿತು. ಹುಡುಗರು ತಮಾಷೆಗೆ 'ಮಾಸ್ತರ ಎಳೆತ' ಅನ್ನುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಹಳೇ ಶಿಷ್ಯ ಹುಬ್ಬಳ್ಳಿಯಲ್ಲಿ ಕ್ಲಾಸು ತೆರೆಯುತ್ತಿದ್ದಾನೆ. 'ಮಾಸ್ತರೇ, ಬೋರ್ಡಿನ ಮೇಲೆ ಏನು ಬರೆಸಲಿ? ಶೋಟೋಕಾನ್ ಅಂದರೆ ಸುಳ್ಳಾಗುತ್ತದೆ' ಅಂತಾನೆ. ಇದನ್ನು ಹೇಗೋ ತಿಳಿದ ಒಂದು ಸಂಸ್ಥೆಯವರು ಫೋನ್ ಮಾಡಿ, 'ನಿಮ್ಮ ಸ್ಟೈಲನ್ನು ನೋಂದಣಿ ಮಾಡಿಸುತ್ತೇವೆ, ನೀವು ಸ್ಥಾಪಕರು, ಹತ್ತನೇ ಡಾನ್ (ಕಪ್ಪು ಬೆಲ್ಟಿನ ಅತಿ ಎತ್ತರದ ದರ್ಜೆ) ಸರ್ಟಿಫಿಕೇಟು, ಫ್ರೇಮು ಸಮೇತ' ಅಂದರು. ಅವರು ಹೇಳಿದ ಮೊತ್ತಕ್ಕೆ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಮೋಟಾರು ಬರುತ್ತದೆ.

ಬಲ್ಲವರು ಹೇಳಿ. ಹೆಸರಿಡಬೇಕಾ?

ಸುಮ್ನೆ ಕೇಳ್ದೆ

ಬೇಜಾರಾಗಬೇಡಿ ಮಾಸ್ತರೇ. ನಮ್ಮ ಊರಲ್ಲಿ ಎರಡು ಬೀದಿಗೆ ಮೂರು ಗ್ರ್ಯಾಂಡ್‌ಮಾಸ್ಟರ್‌ಗಳು. ಒಬ್ಬರಿಗಂತೂ ಅವರದೇ ಸ್ಟೈಲು, ಅವರದೇ ವಿಶ್ವ ಫೆಡರೇಶನ್ನು, ಆಫೀಸು ಮನೆಯ ಮಾಳಿಗೆಯಲ್ಲಿ. ನೀವು ಹಾಗಲ್ಲ ಅಂತ ಬರವಣಿಗೆಯಲ್ಲೇ ಗೊತ್ತಾಗುತ್ತದೆ. ಆದರೂ ಒಂದು ಪ್ರಶ್ನೆ. ನಿಮ್ಮ ಎಳೆತವನ್ನು ನಿಮ್ಮ ಹುಡುಗರನ್ನು ಬಿಟ್ಟು ಬೇರೆಯವರ ಮೇಲೆ ಮಾಡಿ ನೋಡಿದ್ದೀರಾ? ನಮ್ಮ ಶಿಷ್ಯರು ನಾವು ಎಳೆದ ಕಡೆಗೇ ಬೀಳುತ್ತಾರೆ ಅಲ್ವಾ?

ಅಂಕೋಲೆಯ ಜೂಡೋ

ಮಾಸ್ತರೇ, ನಿಮ್ಮ ರಂಪಣಿ ಅಜ್ಜನನ್ನು ಓದಿ ಮೈ ಜುಮ್ ಅಂತು. ಜೂಡೋ ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ.

ಜೂಡೋ ಕಟ್ಟಿದ ಜಿಗೊರೊ ಕಾನೊ ಹುಟ್ಟಿದ್ದು 1860ರಲ್ಲಿ. ಗಿಡ್ಡ, ಸಣಕಲ. ಶಾಲೆಯಲ್ಲಿ ದೊಡ್ಡ ಹುಡುಗರು ಕಾಡುತ್ತಿದ್ದರು ಅಂತ ಜುಜುತ್ಸು (ಜಪಾನಿನ ಹಳೇ ಕುಸ್ತಿ) ಕಲಿಯಲು ಹೋದ. ಕಲಿತ ಪಂಥಗಳು ಎರಡು: ಮೊದಲು ತೆಂಜಿನ್ ಶಿನ್ಯೋ ರ್‍ಯು, ಆಮೇಲೆ ಕಿಟೋ ರ್‍ಯು. 1882ರಲ್ಲಿ ಟೋಕಿಯೊದ ಎಯಿಶೋಜಿ ಅನ್ನೋ ದೇವಸ್ಥಾನದ ಜಾಗದಲ್ಲಿ ಸ್ವಂತ ಕ್ಲಾಸು ತೆರೆದ. 12 ಚಾಪೆ, 9 ಶಿಷ್ಯರು. ಅವನಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ. ನಿಮಗೆ ಐವತ್ತು ದಾಟಿದೆ, ನಿಮ್ಮದು ಅವಸರ ಅಂತ ಯಾರೂ ಅನ್ನುವುದಿಲ್ಲ ಬಿಡಿ.

ನನಗೆ ಇಷ್ಟದ ಕಥೆ ಇದರ ನಂತರದ್ದು. ಕ್ಲಾಸು ತೆರೆದ ಮೇಲೂ ಕಾನೊ ಕಿಟೋ ರ್‍ಯುವಿನ ಗುರು ಇಕುಬೊ ಹತ್ತಿರ ಕಲಿಯುತ್ತಲೇ ಇದ್ದ. ಗುರು ಇವನನ್ನು ಎತ್ತಿ ಎತ್ತಿ ಹಾಕುತ್ತಿದ್ದರು. ಒಂದು ದಿನ ಲೆಕ್ಕ ಉಲ್ಟಾ. ಇವನೇ ಗುರುವನ್ನು ಮತ್ತೆ ಮತ್ತೆ ಉರುಳಿಸಿದ. ಎತ್ತುವ ಮೊದಲೇ ಎದುರಿನವನ ತೂಕ ಕದಲಿಸಬೇಕು ಅನ್ನೋದು ಅವನಿಗೆ ಹೊಳೆದಿತ್ತು. ಅದಕ್ಕೆ ನಾವು ಕುಜುಷಿ ಅಂತೇವೆ. ಗುರು ಸಿಟ್ಟಾಗಲಿಲ್ಲ, ಇನ್ನು ನಾನು ಕಲಿಸುವುದು ಏನೂ ಇಲ್ಲ ಅಂತ ಹೇಳಿ ಮುಂದೆ ಪರವಾನಗಿಯನ್ನೂ ಕೊಟ್ಟರು.

ಅಂದರೆ ಹೆಸರು ಮೊದಲು ಬಂತು, ಗುಟ್ಟು ಆಮೇಲೆ ಸಿಕ್ಕಿತು. ನಿಮ್ಮದು ತಿರುವುಮುರುವು. ನಿಮ್ಮ ಹಳೇ ಸರ್ ಇದ್ದಾರಾ? ಅವರಿಗೆ ತೋರಿಸಿದ್ದೀರಾ?

ಘಟ್ಟದ ಮೇಲಿನವ

ಶಿರಸಿಯಿಂದ. ಕರಾಟೆಯ ಅಆಇಈ ಗೊತ್ತಿಲ್ಲ. ಬೇಡರ ವೇಷದ ಹುಡುಗ ಕತ್ತಿ ಬೀಸುವಾಗ ಅವನಿಗೆ ಕಟ್ಟಿದ ಹಗ್ಗ ಹಿಡಿದು ನಿಂತದ್ದೇ ನನ್ನ ಯುದ್ಧಕಲೆ. ಅದೂ ಎರಡು ವರ್ಷಕ್ಕೊಮ್ಮೆ, ಹೋಳಿಗೆ.

ಆದರೆ ಯಕ್ಷಗಾನದ ಆಟ ನೋಡಿ ನೋಡಿ ನಿದ್ದೆಗೆಟ್ಟವ ನಾನು, ಅಲ್ಲಿಯದೊಂದು ಮಾತು. 'ಚಿಟ್ಟಾಣಿ ಶೈಲಿ' ಅಂತೇವಲ್ಲ, ಅದಕ್ಕೆ ಹೆಸರಿಟ್ಟವರು ಯಾರು? ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಬೋರ್ಡು ಹಾಕಿಕೊಂಡಿದ್ದರಾ? ಅವರ ಕೀಚಕ, ಅವರ ಭಸ್ಮಾಸುರ ನೋಡಿದ ಜನ ಮನೆಗೆ ಹೋಗುವಾಗ ಮಾತಾಡಿಕೊಂಡದ್ದು ಅದು. ಆಮೇಲೆ ಚಿಕ್ಕ ಹುಡುಗರು ಹಾಗೆ ಕುಣಿಯಲು ಹೋದರು. ಎಷ್ಟೋ ಜನರಿಗೆ ಅವರ ಹಾರಾಟ ಬಂತು, ಅವರ ಕಣ್ಣು ಬರಲಿಲ್ಲ. 2012ರಲ್ಲಿ ಪದ್ಮಶ್ರೀ ಬಂತು, ಅಷ್ಟೊತ್ತಿಗೆ ಜನ ಆ ಹೆಸರನ್ನು ಹೇಳಿ ಹೇಳಿ ಸವೆಸಿದ್ದರು.

ಇನ್ನೊಂದು ದಾರಿಯೂ ನಮ್ಮಲ್ಲೇ ಇದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದರು. ಹೆಸರಿಟ್ಟದ್ದು ಇಡಗುಂಜಿ ಗಣಪತಿಯದು, ತಮ್ಮದಲ್ಲ. ಆದರೂ ಜನ ಇವತ್ತಿಗೂ ಕೆರೆಮನೆ ಮೇಳ ಅಂತಲೇ ಅಂತಾರೆ.

ಬಡಗು ತಿಟ್ಟು, ತೆಂಕು ತಿಟ್ಟು, ನಮ್ಮ ಬಡಾಬಡಗು. ಯಕ್ಷಗಾನದ ಈ ಶೈಲಿಗಳಿಗೆಲ್ಲ ದಿಕ್ಕಿನ ಹೆಸರು. ನಿಮಗೆ ಹುಡುಗರು ಆಗಲೇ ಹೆಸರಿಟ್ಟಾಗಿದೆಯಲ್ಲ ಮಾಸ್ತರೇ, 'ಎಳೆತ' ಅಂತ. ಮತ್ತೆ ಯಾಕೆ ಒದ್ದಾಡುತ್ತೀರಿ?

ಕೋಡಿಬಾಗ ಮಾಸ್ತರ

ಒಬ್ಬೊಬ್ಬರಿಗೇ ಹೇಳುತ್ತೇನೆ.

'ಸುಮ್ನೆ ಕೇಳ್ದೆ' ಅವರೇ, ನೀವು ಕೇಳಿದ್ದು ಸುಮ್ನೆ ಅಲ್ಲ. ಇದನ್ನು ಮೊದಲ ಪೋಸ್ಟಿನಲ್ಲೇ ಬರೆಯಬೇಕಿತ್ತು, ನಾಚಿಕೆಗೆ ಬಿಟ್ಟೆ. ಐದಾರು ವರ್ಷದ ಹಿಂದೆ ನನ್ನ ಮೂವರು ಗಟ್ಟಿ ಹುಡುಗರನ್ನು ಕರೆದುಕೊಂಡು ಹಳಿಯಾಳದ ಕಡೆ ಹೋಗಿದ್ದೆ. ಅಲ್ಲಿ ಕುಸ್ತಿ ಮಾಡುವ ಹುಡುಗರ ಜೊತೆ ಸುಮ್ನೆ ಸ್ನೇಹಕ್ಕೆ ಅಂತ ಆಡಿಸಿದೆವು. ನನ್ನವನು ಚೆನ್ನಾಗಿಯೇ ಮಣಿಕಟ್ಟು ಹಿಡಿದ, ಚೆನ್ನಾಗಿಯೇ ಎಳೆದ. ಆ ಹುಡುಗ ಎಳೆದ ಕಡೆಗೇ ಬಂದ. ಆದರೆ ಬೀಳಲು ಬರಲಿಲ್ಲ! ಎಳೆತದ ಜೊತೆಗೇ ಓಡಿ ಬಂದು, ತಲೆ ಕಂಕುಳಲ್ಲಿ ತೂರಿಸಿ, ನನ್ನ ಹುಡುಗನನ್ನು ಭತ್ತದ ಚೀಲದ ಹಾಗೆ ಹೆಗಲಿಗೇರಿಸಿ ಕೆಡವಿದ. ಮೂವರದೂ ಅದೇ ಕಥೆ. ಕಡೆಗೆ ನಾನೇ ನಿಂತೆ. ನನ್ನದೂ ಅದೇ ಕಥೆ. ವಾಪಸ್ ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ಅಂಕೋಲೆಯವರೇ, ಸರ್ ತೀರಿಕೊಂಡು ಹನ್ನೊಂದು ವರ್ಷ. ಒಮ್ಮೆ ತೋರಿಸಿದ್ದೆ. ಪೂರ್ತಿ ನೋಡಿದರು. 'ನಾನು ಕಲಿಸಿದ್ದು ಇದಲ್ಲ' ಅಂದರು. ಬೈದದ್ದೋ ಹೊಗಳಿದ್ದೋ ಇವತ್ತಿಗೂ ಗೊತ್ತಾಗಿಲ್ಲ. ಹೊರಡುವಾಗ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಮುಂಗೈ ಹಿಡಿದು ಒಮ್ಮೆ ಎಳೆದು ನೋಡಿದರು. ನಕ್ಕರು. ಬಸ್ಸು ಹೋಯಿತು.

ಹಳಿಯಾಳ ಮಟ್ಟಿ

ಹಹ್ಹಾ. ಮಾಸ್ತರೇ, ಆ ದಿನ ಗರಡಿಯಲ್ಲಿ ನಾನೂ ಇದ್ದೆ ಅನಿಸುತ್ತದೆ. ಒಬ್ಬ ಬಿಳಿ ಅಂಗಿಯ ಹುಡುಗ ಎದ್ದು ಮೂಗಿನ ಮಣ್ಣು ಒರೆಸಿಕೊಂಡು 'ಇನ್ನೊಂದ್ಸಲ' ಅಂದಿದ್ದ. ನಮಗೆಲ್ಲ ಖುಷಿ ಆಗಿತ್ತು.

ವಿಷಯ ಏನೆಂದರೆ, ಎಳೆಸಿಕೊಳ್ಳುವುದೇ ನಮ್ಮ ದಂಧೆ. ಬೆಳಿಗ್ಗೆ ಎದ್ದರೆ ಜೊತೆಗಾರ ಕುತ್ತಿಗೆಗೆ ಕೈ ಹಾಕಿ ಎಳೆಯುತ್ತಾನೆ. ನೀವು ಎಳೆದರೆ ನಾವು ಬರುತ್ತೇವೆ, ಬಾಗಿಲು ತೆರೆದಿಟ್ಟು ಕರೆದ ಹಾಗೆ. ಧೋಬಿ ಪಛಾಡ್ ನೋಡಿದ್ದೀರಲ್ಲ, ಬಟ್ಟೆ ಒಗೆಯುವವರು ಕಲ್ಲಿಗೆ ಬೀಸುವ ಹಾಗೆ. ಎದುರಿನವ ಮುಂದೆ ಬಾಗಿದರೆ ಸಾಕು. ಆದರೆ ಬಾಗಿದವನ ಕೆಳಗೆ ನಾವು ಹೋಗಬೇಕು. ನೀವು ಎಳೆದು ಅಲ್ಲೇ ನಿಲ್ಲುತ್ತೀರಿ, ಹೊಡೆಯಲು ಜಾಗ ಬೇಕಲ್ಲ ಅಂತ. ಆ ಅರ್ಧ ಕ್ಷಣ ನಮಗೆ ಬೇಕಾದಷ್ಟಾಯಿತು.

ನಮ್ಮ ವಸ್ತಾದರು ಮಟ್ಟಿ ಹದ ಮಾಡುವಾಗ ಹೇಳುತ್ತಿದ್ದರು (ಕೆಮ್ಮಣ್ಣು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆ, ಎಲ್ಲಾ ಕೈಯಲ್ಲೇ ಕಲಸಬೇಕು): 'ಪಟ್ಟು ಕಲಿಯೋದು ದೊಡ್ಡದಲ್ಲ, ಪಟ್ಟಿನ ಬೆನ್ನಿಗೆ ಪಟ್ಟು ಇರಬೇಕು.' ನಿಮ್ಮ ಎಳೆತದ ಬೆನ್ನಿಗೆ ಏನಿದೆ?

ಅಂಕೋಲೆಯ ಜೂಡೋ

ಮಟ್ಟಿಯವರೇ, ನೀವು ಹೇಳಿದ ಧೋಬಿ ಪಛಾಡ್ ನಮ್ಮ ಸೆಯೊಯ್ ನಾಗೆಯ (ಬೆನ್ನ ಮೇಲೆ ಹೊತ್ತು ಎಸೆಯುವ ಪಟ್ಟು) ಅಣ್ಣತಮ್ಮ. ಜಪಾನಿನವರಿಗೂ ನಮ್ಮವರಿಗೂ ಬೆನ್ನು ಒಂದೇ ತಾನೇ. ಮಾಸ್ತರೇ, ಎಳೆದರೆ ಸಾಲದು, ಸೊಂಟ ಒಳಗೆ ಹೋಗಬೇಕು. ರಂಪಣಿಯಲ್ಲಿ ಬಲೆ ತಿರುಗಿ ನಿಮ್ಮ ಮೇಲೆ ಬೀಳುವುದಿಲ್ಲ, ಮನುಷ್ಯ ಬೀಳುತ್ತಾನೆ.

ಕುಮಟೆಯ ಅಮ್ಮ

ಗಂಡಸರ ಕುಸ್ತಿ ಮುಗಿದಿದ್ದರೆ ನಾನೊಂದು ಕೇಳಲಾ?

ನನ್ನ ಮಗಳು ಮೂರು ವರ್ಷ ಒಂದು ಕರಾಟೆ ಕ್ಲಾಸಿಗೆ ಹೋದಳು. ಯಾವುದು ಅಂತ ಹೇಳುವುದಿಲ್ಲ. ಮೂರು ತಿಂಗಳಿಗೊಂದು ಬೆಲ್ಟು. ಪ್ರತಿ ಬೆಲ್ಟಿಗೂ ಪರೀಕ್ಷೆ ಫೀಸು, ಸರ್ಟಿಫಿಕೇಟ್ ಫೀಸು, ಬೆಲ್ಟಿನ ದುಡ್ಡು ಬೇರೆ. ಹಳದಿ, ಕಿತ್ತಳೆ, ಹಸಿರು ಅಂತ ಕಪಾಟಿನಲ್ಲಿ ಕಾಮನಬಿಲ್ಲು ಕಟ್ಟಿದ್ದೇವೆ. ಆಮೇಲೆ ಒಂದು ದಿನ ಬಸ್ಸಿನಲ್ಲಿ ಒಬ್ಬ ಅವಳ ಕೈ ಹಿಡಿದ. ಅವಳಿಗೆ ಏನೂ ಬರಲಿಲ್ಲ. ಗಾಬರಿಯಲ್ಲಿ ಗುದ್ದಲು ಕೈ ಎತ್ತಿದರೆ ಪಕ್ಕದ ಅಜ್ಜಿಯ ಹೂವಿನ ಬುಟ್ಟಿಗೆ ತಾಗಿತು. ಕಂಡಕ್ಟರ್ ಬಂದು ಅವನನ್ನು ಇಳಿಸಿದ, ಅದು ಬೇರೆ. ಮನೆಗೆ ಬಂದು 'ಅಮ್ಮಾ, ನಮಗೆ ಇಷ್ಟು ಹತ್ತಿರದಲ್ಲಿ ಹೇಗೆ ಅಂತ ಹೇಳಿಕೊಟ್ಟೇ ಇಲ್ಲ' ಅಂತ ಅತ್ತಳು.

ನಿಮ್ಮ ಸ್ಟೈಲಿಗೆ ಯಾವ ಹೆಸರಾದರೂ ಇಡಿ. ಬಸ್ಸಿನಲ್ಲಿ ಕೈ ಹಿಡಿದರೆ ಏನು ಮಾಡಬೇಕು?

ಕೋಡಿಬಾಗ ಮಾಸ್ತರ

ಅಕ್ಕ, ಮೊದಲು ಆ ಮಗುವಿಗೆ ಹೇಳಿ, ತಪ್ಪು ಅವಳದ್ದಲ್ಲ, ಕಲಿಸಿದವರದ್ದು.

ನಾವು ಹೆಣ್ಣುಮಕ್ಕಳಿಗೆ ಮೊದಲ ತಿಂಗಳು ಗುದ್ದು ಕಲಿಸುವುದೇ ಇಲ್ಲ. ಅವನು ಮಣಿಕಟ್ಟು ಹಿಡಿದ ಅಂದುಕೊಳ್ಳಿ. ಅವನ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಹೆಬ್ಬೆರಳೂ ಬೆರಳ ತುದಿಯೂ ಸೇರುವ ಜಾಗವೇ ಸಡಿಲ. ಮಣಿಕಟ್ಟಿನ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ, ಮೊಣಕೈಯನ್ನು ಅವನ ಕಡೆಗೇ ಒಂದು ಗೇಣು ಒತ್ತಿ, ಆಮೇಲೆ ಮುಷ್ಟಿ ತನ್ನ ಹೆಗಲಿನ ಕಡೆ. ಎಲ್ಲರೂ ಹಿಂದಕ್ಕೆ ಜಗ್ಗುತ್ತಾರೆ, ಅಲ್ಲೇ ಸೋಲುವುದು. ಮೊಣಕೈ ಮುಂದೆ ಹೋಗಬೇಕು. ಅದರ ಜೊತೆಗೇ ಗಂಟಲು ಬಿಟ್ಟು ಕೂಗಬೇಕು. ಕೂಗು ಬರುವುದಕ್ಕೇ ಎಷ್ಟೋ ಹುಡುಗಿಯರಿಗೆ ಮೂರು ವಾರ ಬೇಕು. ಅಲೆಯ ಸದ್ದಿಗಿಂತ ಜೋರಾಗಿ ಕೂಗಿಸುತ್ತೇವೆ. ಆಮೇಲೆ ಅಲ್ಲಿಂದ ಸರಿದು ಹೋಗುವುದು, ಜನ ಇರುವ ಕಡೆಗೆ.

ನಮ್ಮಲ್ಲಿ ಬೆಲ್ಟು ಎರಡೇ, ಬಿಳಿ ಮತ್ತು ಕಪ್ಪು. ಕಪ್ಪಿಗೆ ಕಡಿಮೆ ಅಂದರೂ ಏಳು ವರ್ಷ.

ಅಂಕೋಲೆಯ ಜೂಡೋ

ಬೆಲ್ಟಿನ ಮಾತು ಬಂತು ಅಂತ ಒಂದು ಸಾಲು. ಯುದ್ಧಕಲೆಗೆ ಡಾನ್ ಪದ್ಧತಿ ತಂದವನೂ ಕಾನೊನೇ. ಮೊದಲನೇ ಡಾನಿಗೆ ಶೋಡಾನ್ ಅಂತಾರೆ, ಅಂದರೆ ಆರಂಭದ ಮೆಟ್ಟಿಲು. ಕಪ್ಪು ಬೆಲ್ಟು ಸಿಕ್ಕಿತು ಅಂದರೆ ಅಕ್ಷರಾಭ್ಯಾಸ ಮುಗಿಯಿತು ಅಂತ ಅಷ್ಟೇ. ನಮ್ಮಲ್ಲಿ ಅದನ್ನೇ ಪದವಿ ಪ್ರದಾನ ಮಾಡಿಬಿಟ್ಟಿದ್ದಾರೆ.

ಸುಮ್ನೆ ಕೇಳ್ದೆ

ಸೋತದ್ದನ್ನು ಬರೆದಿರಲ್ಲ, ಇನ್ನು ನಾನು ನಿಮ್ಮ ಕಡೆ. ನಮ್ಮ ಊರಿನ ಗ್ರ್ಯಾಂಡ್‌ಮಾಸ್ಟರ್‌ಗಳು ಇವತ್ತಿನವರೆಗೆ ಒಂದು ಸೋಲನ್ನೂ ಒಪ್ಪಿಲ್ಲ.

ಬ್ರೂಸ್ ಲೀ ವಿಷಯವೂ ಹೀಗೇ ಅಲ್ವಾ? ಹಾಂಗ್‌ಕಾಂಗಿನಲ್ಲಿ ಇಪ್ ಮ್ಯಾನ್ ಹತ್ತಿರ ವಿಂಗ್ ಚುನ್ ಅನ್ನೋ ಚೀನೀ ಯುದ್ಧಕಲೆ ಕಲಿತ. 1964ರಲ್ಲಿ ಓಕ್‌ಲ್ಯಾಂಡಿನಲ್ಲಿ ವಾಂಗ್ ಜಾಕ್ ಮ್ಯಾನ್ ಅನ್ನೋ ಇನ್ನೊಬ್ಬ ಕುಂಗ್ ಫು ಪಟುವಿನ ಜೊತೆ ಬಾಗಿಲು ಹಾಕಿಕೊಂಡು ಹೊಡೆದಾಡಿದ. ಯಾರು ಗೆದ್ದರು ಅಂತ ಇವತ್ತಿಗೂ ಜನ ಕಿತ್ತಾಡುತ್ತಾರೆ. ಆದರೆ ಲೀಗೆ ಸಮಾಧಾನ ಇರಲಿಲ್ಲ. ಇಷ್ಟು ಹೊತ್ತು ಯಾಕೆ ಹಿಡಿಯಿತು, ನನಗೆ ಯಾಕೆ ಏದುಸಿರು ಬಂತು ಅಂತ ತಲೆ ಕೆಡಿಸಿಕೊಂಡ. ಬಾಕ್ಸಿಂಗು, ಕತ್ತಿವರಸೆ ಎಲ್ಲಾ ಜಾಲಾಡಿದ. ಅವನ ಸ್ಟೈಲಿಗೆ ಜೀತ್ ಕುನ್ ದೋ ಅನ್ನೋ ಹೆಸರು ಬಂದದ್ದು 1967ರಲ್ಲಿ. ಆಮೇಲೆ ಆ ಹೆಸರಿನ ಮೇಲೇ ಅವನಿಗೆ ಬೇಜಾರು ಬಂತು. ಹೆಸರಿಗೆ ಜೋತು ಬೀಳಬೇಡಿ ಅಂತ ಶಿಷ್ಯರಿಗೆ ಹೇಳಿದ. 1973ರಲ್ಲಿ ತೀರಿಕೊಂಡ. ಶಿಷ್ಯರು ಆ ಹೆಸರಿಗೇ ಜೋತುಬಿದ್ದು ಇನ್ನೂ ಜಗಳ ಆಡುತ್ತಿದ್ದಾರೆ.

ಘಟ್ಟದ ಮೇಲಿನವ

ಮಾಸ್ತರೇ, ಶೋಟೋಕಾನ್ ಅಂದರೆ ಏನು ಅರ್ಥ? ಕುತೂಹಲಕ್ಕೆ.

ಕೋಡಿಬಾಗ ಮಾಸ್ತರ

ಹೆಗಡೇರೆ (ಹೆಗಡೇರೇ ಅಲ್ವಾ? ಬರೆದ ಧಾಟಿ ನೋಡಿ ಅಂದೆ), ಒಳ್ಳೇದು ಕೇಳಿದಿರಿ. ಈ ಪಂಥದ ಮೂಲಗುರು ಗಿಚಿನ್ ಫುನಾಕೋಶಿ ಒಕಿನಾವಾ ದ್ವೀಪದವರು, ಶಾಲೆ ಮಾಸ್ತರ. 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆ ತೋರಿಸಿದರು, ಅಲ್ಲೇ ಉಳಿದರು. ಕವಿತೆ ಬರೆಯುತ್ತಿದ್ದರು. ಕಾವ್ಯನಾಮ ಶೋಟೊ. ಪೈನ್ ಮರದಲ್ಲಿ ಗಾಳಿ ಹೊಕ್ಕರೆ ಅಲೆಯ ಹಾಗೆ ಸದ್ದು ಬರುತ್ತದಲ್ಲ, ಅದು. ಕಾನ್ ಅಂದರೆ ಮನೆ. ಶಿಷ್ಯರು ಕಟ್ಟಡ ಕಟ್ಟಿ ಅವರ ಕಾವ್ಯನಾಮದ ಬೋರ್ಡು ಹಾಕಿದರು. ಅವರಾಗಿ ಸ್ಟೈಲಿಗೆ ಅಂತ ಹೆಸರಿಟ್ಟದ್ದಲ್ಲ.

ನಮ್ಮ ಗಾಳಿಮರದ ಸದ್ದೂ ಹಾಗೇ. ನಲವತ್ತು ವರ್ಷ ಅದರ ಕೆಳಗೇ ನಿಂತು ಅರ್ಥ ಗೊತ್ತಿಲ್ಲದೆ ಶೋಟೋಕಾನ್ ಶೋಟೋಕಾನ್ ಅಂದಿದ್ದೇನೆ.

ಗೋಜು ರ್‍ಯು ಅನ್ನೋ ಇನ್ನೊಂದು ಕರಾಟೆ ಪಂಥದ ಕಥೆ ಇನ್ನೂ ಮಜಾ. 1930ರ ಸುಮಾರಿಗೆ ಚೋಜುನ್ ಮಿಯಾಗಿಯವರ ಶಿಷ್ಯ ಶಿನ್‌ಜಾಟೊ ಟೋಕಿಯೊದಲ್ಲಿ ಪ್ರದರ್ಶನ ಕೊಟ್ಟ. ಯಾರೋ ಕೇಳಿದರು, ನಿಮ್ಮದು ಯಾವ ಪಂಥ? ಅಲ್ಲಿಯವರೆಗೆ ಹೆಸರೇ ಇರಲಿಲ್ಲ. ಹೆಸರಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ ಅಂತ ಬಾಯಿಗೆ ಬಂದದ್ದು ಹೇಳಿ ಊರಿಗೆ ಬಂದ. ಗುರುಗಳು ಬೈಯಲಿಲ್ಲ, ಕೂತು ಯೋಚಿಸಿ ಗೋಜು ಅಂತ ಇಟ್ಟರು. ಗೋ ಅಂದರೆ ಗಟ್ಟಿ, ಜು ಅಂದರೆ ಮೆತ್ತಗೆ. ನನ್ನ ಹುಬ್ಬಳ್ಳಿ ಶಿಷ್ಯನಿಗೆ ಇದನ್ನು ಹೇಳಿದೆ. 'ಹಾಗಾದರೆ ನಾನೂ ಬಾಯಿಗೆ ಬಂದದ್ದು ಬರೆಸಲಾ' ಅಂತಾನೆ. ಬೇಡಪ್ಪಾ ಅಂದೆ.

ಕುಮಟೆಯ ಅಮ್ಮ

ಮಾಸ್ತರೇ, ನಿನ್ನೆ ಅಡಿಗೆಮನೆಯಲ್ಲಿ ಮಗಳ ಕೈ ಹಿಡಿದೆ. ಮೊಣಕೈ ಮುಂದೆ ಅಂದೆ. ಎರಡನೇ ಸಲಕ್ಕೇ ಬಿಡಿಸಿಕೊಂಡಳು. ಕೂಗು ಇನ್ನೂ ಬಂದಿಲ್ಲ, ನಗು ಬರುತ್ತದೆ ಅವಳಿಗೆ. ಕುಮಟೆಯಲ್ಲಿ ವಾರಕ್ಕೊಂದು ದಿನ ಬರುತ್ತೀರಾ? ಹತ್ತು ಹುಡುಗಿಯರನ್ನು ಸೇರಿಸುವ ಕೆಲಸ ನನ್ನದು.

ಕೋಡಿಬಾಗ ಮಾಸ್ತರ

ಬರುತ್ತೇನೆ ಅಕ್ಕ. ಭಾನುವಾರ ಬೇಡ, ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಾಲ್ಕು ದಿನ ನಿಮ್ಮೆಲ್ಲರ ಮಾತು ತಲೆಯಲ್ಲಿ ತಿರುಗಿತು. ಸಂಸ್ಥೆಯವರಿಗೆ ಬೇಡ ಅಂತ ಹೇಳಿದೆ. ಅರ್ಧ ರೇಟಿಗೆ ಇಳಿದರು, ಆಮೇಲೆ ಫೋನ್ ಇಟ್ಟರು. ಹುಬ್ಬಳ್ಳಿ ಬೋರ್ಡಿಗೆ ಸದ್ಯಕ್ಕೆ 'ಕರಾಟೆ' ಅಂತ ದೊಡ್ಡದಾಗಿ, ಕೆಳಗೆ 'ಕಾರವಾರದ ಕಡೆಯದು' ಅಂತ ಸಣ್ಣದಾಗಿ. ಸಿರ್ಸಿಯವರು ಹೇಳಿದ ಹಾಗೆ ಬರೀ ದಿಕ್ಕು.

ಮಟ್ಟಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಎಳೆತದ ಬೆನ್ನಿಗೆ ಏನೂ ಇಲ್ಲ. ಇಪ್ಪತ್ತೈದು ವರ್ಷ ಇದೆ ಅಂದುಕೊಂಡಿದ್ದೆ. ಭಾನುವಾರ ಆ 'ಇನ್ನೊಂದ್ಸಲ' ಅಂದ ಹುಡುಗನನ್ನೂ ಕರೆದುಕೊಂಡು ಬರಲಾ? ಅವನಿಗೆ ಈಗ ಮದುವೆಯಾಗಿದೆ, ಹೊಟ್ಟೆ ಸ್ವಲ್ಪ ಬಂದಿದೆ. ನನಗೆ ಐವತ್ತಮೂರು, ಒಂದು ಮೊಣಕಾಲು. ಹೊಸಬರನ್ನು ಸೇರಿಸಿಕೊಳ್ಳುತ್ತೀರಾ?

ಹಳಿಯಾಳ ಮಟ್ಟಿ

ಬನ್ನಿ ಮಾಸ್ತರೇ. ಶನಿವಾರ ರಾತ್ರಿಯೇ ಅಣಶಿ ಘಟ್ಟ ಹತ್ತಿ ಬಂದುಬಿಡಿ, ನಮ್ಮ ಮನೆಯಲ್ಲೇ ಉಳಿಯಿರಿ. ಬೆಳಿಗ್ಗೆ ಐದಕ್ಕೆ ಮಟ್ಟಿ ಅಗೆಯಬೇಕು, ಹೊಸಬರಿಗೆ ಮೊದಲು ಸಿಗುವುದು ಗುದ್ದಲಿಯೇ. ಲಂಗೋಟಿ ಇಲ್ಲೇ ಇದೆ. ಕೈಕಾಲಿನ ಉಗುರು ಮಾತ್ರ ಕತ್ತರಿಸಿಕೊಂಡು ಬನ್ನಿ.